ಜಾರಿಕೊಳ್ಳುವವರ ಗಲ್ಲಿ

ಮಡಚಿದ ಕೊಡೆಯನ್ನು ಮೇಲೆತ್ತಿ ಹಿಡಿದು ಗೈಡ್ ಮುಂದೆ. ಹಿಂದೆ ನಾವು ಇಪ್ಪತ್ತು ಜನ, ಕುರಿಮಂದೆ. ಮ್ಯೂನಿಕ್‌ನಲ್ಲಿ ಎರಡೂವರೆ ಗಂಟೆಯಲ್ಲಿ ಸರ್ವಾಧಿಕಾರವನ್ನು ತೋರಿಸಿ ಮುಗಿಸುತ್ತಾರೆ. ನಡುವೆ ಕಾಫಿಗೆ ಬಿಡುವೂ ಉಂಟು.

ಮೊದಲ ಪ್ರಶ್ನೆಯೇ, "ಹಿಟ್ಲರ್ ಸರಿಯಾಗಿ ಎಲ್ಲಿ ನಿಂತಿದ್ದ?" ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕಂತೆ. ಕ್ಷೇತ್ರದರ್ಶನಕ್ಕೆ ಬಂದವರಿಗೂ ಇಷ್ಟು ಭಕ್ತಿ ಇರುವುದಿಲ್ಲ.

ಈ ಊರಿನ ಮರೆವೂ ಸಾಮಾನ್ಯದ್ದಲ್ಲ. 1935ರಲ್ಲಿ 'ಚಳವಳಿಯ ರಾಜಧಾನಿ' ಎಂಬ ಬಿರುದು ಹೊತ್ತು ಬೀಗಿತ್ತು. 1945 ಆಗಿದ್ದೇ ತಡ, ಯಾರ ಅಪ್ಪನೂ ನಾಜಿ ಅಲ್ಲ! ಪಕ್ಷದ ಕಚೇರಿ 'ಕಂದು ಮನೆ' ಇದ್ದ ಜಾಗದಲ್ಲಿ ದಾಖಲೆ ಕೇಂದ್ರ ತೆರೆದದ್ದು 2015ರಲ್ಲಿ. ಎಪ್ಪತ್ತು ವರ್ಷ. ಮಾಡಿದವರೆಲ್ಲ ಪಿಂಚಣಿ ಉಂಡು ಮಣ್ಣಾಗುವುದಕ್ಕೆ ಅಷ್ಟು ಕಾಲ ಸಾಕು.

ಅಲ್ಲೇ ಹತ್ತಿರದಲ್ಲಿ ಹಿಟ್ಲರನ ಕಚೇರಿ. 1938ರ ಸೆಪ್ಟೆಂಬರಿನಲ್ಲಿ ನಾಲ್ಕು ದೇಶಗಳ ನಾಯಕರು ಇಲ್ಲಿ ಕೂತು ಜೆಕೊಸ್ಲೊವಾಕಿಯಾವನ್ನು ಹೋಳು ಮಾಡಿದರು. ಹೋಳಾಗುವವರನ್ನು ಮಾತುಕತೆಗೆ ಕರೆಯಲೇ ಇಲ್ಲ. ಈಗ ಅದು ಸಂಗೀತ ವಿದ್ಯಾಲಯ. ಒಳಗಿನಿಂದ ಪಿಯಾನೊ ಕೇಳಿಸುತ್ತಿತ್ತು. ಶ್ರುತಿ ಸರಿಯಾಗಿತ್ತು.

ಆಮೇಲೆ ಫೆಲ್ಡ್‌ಹೆರ್ನ್‌ಹಾಲೆ, ಸೇನಾನಿಗಳ ಮಂಟಪ. 1923ರ ನವೆಂಬರ್ 9ರಂದು ಹಿಟ್ಲರನ ದಂಗೆ ಗುಂಡೇಟು ತಿಂದು ನಿಂತದ್ದು ಇಲ್ಲಿ. ಅಧಿಕಾರ ಕೈಗೆ ಬಂದ ಮೇಲೆ ಸತ್ತ ದಂಗೆಕೋರರಿಗೆ ಸ್ಮಾರಕವೆದ್ದಿತು, ಕಾವಲೂ ಬಂತು. ದಂಗೆ ತಡೆಯಲು ಹೋಗಿ ಸತ್ತ ನಾಲ್ವರು ಪೊಲೀಸರಿಗೆ? ಸೊನ್ನೆ. ಸ್ಮಾರಕದ ಮುಂದೆ ಹಾದುಹೋಗುವವರೆಲ್ಲ ಕೈ ಎತ್ತಿ ಸೆಲ್ಯೂಟ್ ಹೊಡೆಯಲೇಬೇಕು. ಹೊಡೆಯಲು ಮನಸ್ಸಿಲ್ಲದವರು ಹಿಂದಿನ ಸಣ್ಣ ಗಲ್ಲಿಗೆ ನುಗ್ಗಿ ಆಚೆ ಬೀದಿಗೆ ದಾಟಿಬಿಡುತ್ತಿದ್ದರು. ಜನ ಅದಕ್ಕೆ 'ಜಾರಿಕೊಳ್ಳುವವರ ಗಲ್ಲಿ' ಎಂದು ಹೆಸರಿಟ್ಟರು. 1995ರಲ್ಲಿ ಅಲ್ಲಿನ ಕಲ್ಲುಹಾಸಿನ ನಡುವೆ ಕಂಚಿನ ಪಟ್ಟಿಯೊಂದನ್ನು ಕೂರಿಸಿದ್ದಾರೆ. ಹೊಂಬಣ್ಣದ, ಹಾವಿನಂತೆ ಬಾಗಿದ ಒಂದು ಗೆರೆ. ಅಷ್ಟೇ.

"ನಾನಾಗಿದ್ದರೂ ಈ ಗಲ್ಲಿಗೇ ಬರುತ್ತಿದ್ದೆ" ಎಂದರು ಒಬ್ಬರು. ಎಲ್ಲರೂ ತಲೆಯಾಡಿಸಿದರು. ಇಪ್ಪತ್ತಕ್ಕೆ ಇಪ್ಪತ್ತು ಜನ! ಎಲ್ಲರೂ ಗಲ್ಲಿ ಹಿಡಿದಿದ್ದರೆ ಕೈ ಎತ್ತಿದವರು ಯಾರು ಸ್ವಾಮಿ? ಹಳೇ ಫೋಟೋಗಳಲ್ಲಿ ಕಿಕ್ಕಿರಿದು ನಿಂತವರು ಯಾರು?

ಗುಂಪಿನಲ್ಲಿ ನಮ್ಮ ಬೆಂಗಳೂರಿನವರೂ ಒಬ್ಬರಿದ್ದರು. ಅದೇ ಕಂಚಿನ ಪಟ್ಟಿಯ ಮೇಲೆ ಬೂಟುಗಾಲೂರಿ ನನ್ನ ಕಿವಿಯಲ್ಲಿ ಹೇಳಿದರು: "ಏನೇ ಹೇಳಿ ಸಾರ್, ಶಿಸ್ತು ಅಂದ್ರೆ ಶಿಸ್ತು. ನಮ್ಮ ದೇಶಕ್ಕೂ ಒಂದೈದು ವರ್ಷ ಒಬ್ಬ ಹಿಟ್ಲರ್ ಬೇಕು."

ಐದೇ ವರ್ಷ. ಹಿಟ್ಲರ್ ಅಡ್ವಾನ್ಸ್ ಕೊಟ್ಟು, ಕರಾರುಪತ್ರಕ್ಕೆ ಸಹಿ ಹಾಕಿ ಬಾಡಿಗೆಗೆ ಬರುತ್ತಾನೆ. ಅವಧಿ ಮುಗಿದ ಮೇಲೆ ಸುಣ್ಣಬಣ್ಣದ ಖರ್ಚು ಮುರಿದುಕೊಂಡರೂ ಸುಮ್ಮನೆ ಬೀಗದ ಕೈ ಕೊಟ್ಟು ಹೋಗುತ್ತಾನೆ. ಬೆಂಗಳೂರಿನ ಬಾಡಿಗೆದಾರನೇ ಹಾಗೆ ಬಿಟ್ಟು ಹೋಗುವುದಿಲ್ಲ!

ಅವರೊಬ್ಬರನ್ನೇ ಬೈದು ಏನು ಬಂತು? ನಮ್ಮ ಫುಟ್‌ಪಾತ್‌ಗಳಲ್ಲಿ 'ಮೈನ್ ಕಾಂಫ್' ಮಾರಾಟಕ್ಕಿರುವುದು ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲಿ. ಕೊಳ್ಳುವವರು ಇತಿಹಾಸದ ವಿದ್ಯಾರ್ಥಿಗಳಲ್ಲ. ಮ್ಯಾನೇಜರ್ ಆಗಬೇಕೆಂದಿರುವವರು.

ಟೂರು ಮುಗಿದದ್ದು ಹೋಫ್‌ಬ್ರಾಯ್‌ಹೌಸ್ ಬಿಯರ್ ಹಾಲಿನಲ್ಲಿ. 1920ರ ಫೆಬ್ರವರಿ 24ರಂದು ಪಕ್ಷದ 25 ಅಂಶಗಳ ಕಾರ್ಯಕ್ರಮವನ್ನು ಹಿಟ್ಲರ್ ಓದಿದ್ದು ಇದೇ ಕಟ್ಟಡದಲ್ಲಿ. ಒಂದೊಂದು ಲೀಟರಿನ ಮಗ್ಗು ಬಂದವು. ಕೈಗಳೆಲ್ಲ ಮೇಲೆದ್ದವು. ಚಿಯರ್ಸ್.

ಗೇಯಾರ್ಗ್ ಎಲ್ಸರ್ ಬಗ್ಗೆ ಗೈಡ್ ಒಂದು ಮಾತೂ ಆಡಲಿಲ್ಲ. ಬಡಗಿ. ಯಾವ ಗಲ್ಲಿಗೂ ಜಾರಿಕೊಳ್ಳದವನು. ಇನ್ನೊಂದು ಬಿಯರ್ ಹಾಲಿನ ಕಂಬ ಕೊರೆದು ಒಬ್ಬನೇ ಬಾಂಬ್ ಇಟ್ಟ. 1939ರ ನವೆಂಬರ್ 8ರಂದು ಅದು ಸಿಡಿಯುವ 13 ನಿಮಿಷ ಮೊದಲು ಹಿಟ್ಲರ್ ಎದ್ದು ಹೋಗಿದ್ದ. ಎಲ್ಸರನನ್ನು 1945ರ ಏಪ್ರಿಲ್‌ನಲ್ಲಿ ಡಾಖಾವ್ ಶಿಬಿರದಲ್ಲಿ ಕೊಂದರು. ಆ ಹಾಲ್ ಈಗಿಲ್ಲ. ನೆಲದಲ್ಲಿ ಒಂದು ಫಲಕವಿದೆ. ನೋಡಬೇಕಾದರೆ ಇಸಾರ್ ನದಿ ದಾಟಬೇಕು.

ನಮ್ಮ ಟೂರು ದಾಟಲಿಲ್ಲ.