ಮಗ್ಗ ಮತ್ತು ಮಗ್ಗಿ

ನಮ್ಮ ಬನಹಟ್ಟಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಹೊರಗಿನವರು ಬಂದರೆ ಓಣಿಯ ತುಂಬ ಜಗಳ ನಡೆದಿದೆ ಎಂದೇ ತಿಳಿಯುತ್ತಾರೆ. ನಾವು ಬರೀ ಚಹಾ ಕೇಳುತ್ತಿರುತ್ತೇವೆ. ನಸುಕಿನಲ್ಲಿ ಪವರ್‌ಲೂಮ್ ಶುರುವಾಯಿತೆಂದರೆ "ಚಾ ಆತೇನ?" ಎಂಬ ಎರಡು ಮಾತು ಶೆಡ್ಡಿನಿಂದ ಅಡುಗೆಮನೆ ಮುಟ್ಟಲು ಎದೆಯ ಗಾಳಿಯೆಲ್ಲ ಖರ್ಚಾಗಬೇಕು. ಹಿತ್ತಲ ಶೆಡ್ಡಿನಲ್ಲಿ ನಾಲ್ಕು ಮಗ್ಗ, ಪಡಸಾಲೆಯಲ್ಲಿ ಮೂರನೇ ಇಯತ್ತೆಯ ಮಗಳು. ನಡುವೆ ಒಂದೇ ಗೋಡೆ, ಅದಕ್ಕೂ ಕದವಿಲ್ಲದ ಕಿಟಕಿ.

ಆ ಗದ್ದಲದಲ್ಲೇ ಅವಳು ಮಗ್ಗಿ ಕಲಿತಳು. ಕಲಿಸಿದವರು ಯಾರು ಎಂಬುದಕ್ಕೆ ಮಾತ್ರ ಮನೆಯಲ್ಲಿ ಮೂವರು ಹಕ್ಕುದಾರರಿದ್ದಾರೆ. ಪಾಟಿ, ಪೆನ್ಸಿಲ್ ತಂದುಕೊಟ್ಟವನಾದ್ದರಿಂದ ಮೊದಲ ಹಕ್ಕು ನನ್ನದು. ಅದನ್ನು ಯಾರೂ ಒಪ್ಪುವುದಿಲ್ಲ.

ಎರಡನೆಯವರು ನಮ್ಮಪ್ಪ. ಏಕೀಕರಣಕ್ಕೆ ಒಂದು ವರ್ಷ ಮೊದಲು, 1955ರಲ್ಲಿ, ಇನ್ನೂ ಮುಂಬಯಿ ಸರ್ಕಾರವಿದ್ದಾಗ ಮುಲ್ಕಿ ಪರೀಕ್ಷೆ ಪಾಸಾದವರು. ಮನೆಯಲ್ಲಿ ಆಮೇಲೆ ಯಾರು ಏನು ಪಾಸಾದರೂ ಅದು ಅವರ ಲೆಕ್ಕಕ್ಕೆ ಬಂದಿಲ್ಲ. ಜಮಖಂಡಿಯ ಪಟವರ್ಧನರ ಸಂಸ್ಥಾನ 1948ರಲ್ಲೇ ವಿಲೀನವಾಯಿತು, ಆದರೆ ಮರಾಠಿ ಲೆಕ್ಕ ಅಪ್ಪನ ಬಾಯಿ ಬಿಟ್ಟು ಹೋಗಿಲ್ಲ. ಪಾವಕಿ, ನಿಮಕಿ, ಸವಾಯಕಿ, ದಿಡಕಿ: ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿಗಳು. ಸೂತಿನ ವ್ಯಾಪಾರಿ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ಹುಡುಕುವುದರೊಳಗೆ ಅಪ್ಪ ಮೊತ್ತ ಹೇಳಿ ಎಲೆಅಡಿಕೆ ಹಾಕಿಕೊಂಡಿರುತ್ತಾರೆ. ಮೊಮ್ಮಗಳಿಗೂ ದಿಡಕಿ ಕಲಿಸಿದರು. ಅವಳು ಶಾಲೆಗೆ ಹೋಗಿ "ಏಳರ ದೀಡಪಟ್ಟು ಹತ್ತೂವರಿ" ಅಂದಳಂತೆ. ಗುಣಾಕಾರದ ಪಾಠದಲ್ಲಿ ಅರ್ಧ ಇನ್ನೂ ಬಂದಿರಲಿಲ್ಲ.

ಮೂರನೆಯವಳು ನನ್ನ ಹೆಂಡತಿ. ತವರು ಮುಧೋಳ. ಅಷ್ಟು ಹೇಳಿದರೆ ಈ ಕಡೆಯವರಿಗೆ ಉಳಿದದ್ದು ಗೊತ್ತಾಗುತ್ತದೆ. "ನಮ್ಮೂರಾಗ ರನ್ನ ಹುಟ್ಯಾನ್ರಿ, ಬಳಿಗಾರರ ಮನ್ಯಾಗ ಹುಟ್ಟಿ ಕವಿಚಕ್ರವರ್ತಿ ಆದಾಂವ" ಎಂದು ಶುರುಮಾಡುತ್ತಾಳೆ. ನೇಕಾರರ ಮನೆಯ ಮಗಳೂ ಏನಾದರೂ ಆಗಬಹುದು ಎಂಬುದು ಇಂಗಿತ. ಆಗದಿದ್ದರೆ ತಪ್ಪು ಬನಹಟ್ಟಿಯದು ಎಂಬುದೂ ಅದರೊಳಗೇ ಇದೆ. ನಾನೂ ಬಿಡುವವನಲ್ಲ. "ನಿಮ್ಮೂರಾಗ ನಾಯಿನೂ ಹುಟ್ಟತಾವ" ಅನ್ನುತ್ತೇನೆ. ಅವಳು ಸಿಟ್ಟಾಗುವುದಿಲ್ಲ. 2005ರಲ್ಲಿ ಮುಧೋಳ ನಾಯಿಯ ಚಿತ್ರ ಐದು ರೂಪಾಯಿಯ ಅಂಚೆಚೀಟಿಯ ಮೇಲೆ ಬಂದಿದೆ. "ನಿಮ್ಮೂರಿಂದ ಯಾರ ಚಿತ್ರ ಬಂದೈತಿ ಹೇಳ್ರಿ ನೋಡೂಣು?" ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನನ್ನ ಸಂಸಾರಕ್ಕೆ ಹನ್ನೆರಡು ವರ್ಷವಾಯಿತು.

ಅಲ್ಲದೆ ಅವಳು ಈಗ ಎಸ್‌ಡಿಎಂಸಿ ಸದಸ್ಯೆ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಾಯ್ದೆ ಬರೆದವರು ಸದಸ್ಯೆಯ ಗಂಡನ ಸ್ಥಾನಮಾನದ ಬಗ್ಗೆ ಏನೂ ಹೇಳಿಲ್ಲ. ಹೀಗಾಗಿ ಬಿಸಿಯೂಟದ ಬೇಳೆ ಸರಿಯಾಗಿ ಬೆಂದಿದೆಯೇ ಎಂದು ಇವಳು ನೋಡಿಬರಲು ಹೋದ ದಿನ ಮನೆಯ ಬೇಳೆ ಬೇಯಿಸುವವನು ನಾನು.

ನನಗೂ ಶಾಲೆಗೂ ಮನಸ್ತಾಪ ಶುರುವಾದದ್ದು ಮಗಳು ಒಂದನೇ ಇಯತ್ತೆಯಲ್ಲಿದ್ದಾಗ. ತಿಂಗಳು ಕಳೆದ ಮೇಲೆ "ಅ ಆ ಇ ಈ ಹೇಳವಾ" ಅಂದೆ. ಹುಡುಗಿ ಪಿಳಿಪಿಳಿ ನೋಡಿ "ರ ಗ ಸ ದ ಅ" ಅಂದಳು. ಎದೆ ಧಸಕ್ ಅಂತು. ಅಕ್ಷರಮಾಲೆಯ ಸರ ಹರಿದು ಮಣಿ ಚೆಲ್ಲಿದ ಹಾಗೆ! ಅಂಕಲಿಪಿ ತಂದು ತಿದ್ದಿಸಲು ಕೂತೆ. ನಲಿ–ಕಲಿ ಅಂದರೆ ಹೀಗೇ, ಬರೆಯಲು ಹಗುರವಾದದ್ದು ಮೊದಲು, ಕಾರ್ಡು ಹಿಡಿದುಕೊಂಡು ತಟ್ಟೆಯಿಂದ ತಟ್ಟೆಗೆ ದಾಟುತ್ತ ತಮ್ಮ ವೇಗದಲ್ಲಿ ಕಲಿಯುತ್ತಾರೆ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಎಂದೆಲ್ಲ ಸದಸ್ಯೆ ತಿಳಿಸಿಕೊಟ್ಟಳು. ನನಗೆ ತಟ್ಟೆ ಅಂದರೆ ಊಟದ್ದು. ನಂಬಲಿಲ್ಲ.

ಒಂದು ಸಂಜೆ ಸೀರೆ ವ್ಯಾಪಾರಿಯ ಚೀಟಿ ಹಾಸಿಗೆಯ ಮೇಲೆ ಬಿದ್ದಿತ್ತು. ಮಗಳು ಅದರ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಮುಟ್ಟಿ, "ದ... ರ... ದರ!" ಎಂದು ಕೂಗಿದಳು. ಆಮೇಲೆ ಪಕ್ಕದಲ್ಲಿದ್ದ ಅಂಕಿ ನೋಡಿ, ಮುತ್ಯಾನ ಕಡೆ ತಿರುಗಿ, "ಹೋದ ವಾರಕ್ಕಿಂತ ಕಡಿಮಿ ಐತಿ" ಅಂದಳು. ನಿಜವಾಗಿಯೂ ಕಡಿಮೆ ಇತ್ತು. ನಾನು ನೋಡಿರಲಿಲ್ಲ. ಅಂಕಲಿಪಿಯನ್ನು ಮಾಡದ ಮೇಲಿಟ್ಟೆ.

ಇಷ್ಟೆಲ್ಲ ಆದ ಹುಡುಗಿಗೆ ಮಗ್ಗಿ ಬರುವುದಿಲ್ಲ ಎಂದು ಶಾಲೆಯಿಂದ ಚೀಟಿ ಬಂತು. ಪಾಲಕರ ಸಭೆಗೆ ತಂದೆಯೇ ಬರಬೇಕೆಂದು ಅದರಲ್ಲಿ ಬರೆದಿತ್ತು.

"ಹದಿನೈದರ ತನಕ ಪಟಪಟ ಅಂತಾಳಲ್ಲ!"

"ಅದನ್ನ ಅಲ್ಲೇ ಹೋಗಿ ಹೇಳ್ರಿ. ನಾ ಹೋದಾಗೆಲ್ಲ ಅಕ್ಕೋರು, ಅವರಪ್ಪ ಊರಾಗ ಇಲ್ಲೇನ್ರಿ ಅಂತ ಕೇಳತಾರ."

ಹೋದೆ. ಮಕ್ಕಳ ಬೆಂಚಿನಲ್ಲಿ ಕೂಡಿಸಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಆ ಭಂಗಿಯಲ್ಲಿ ಯಾವ ಗಂಡಸೂ ವಾದ ಗೆಲ್ಲಲಾರ. ಅಕ್ಕೋರು ಬೀಳಗಿ ಕಡೆಯವರು. ಅವರು ಕಲಿತ ಶಾಲೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. "ನಮ್ಮ ಸಾಲ್ಯಾಗ ಹಿಂಗಿರಲಿಲ್ಲ" ಎಂದು ಅವರು ಏನು ಹೇಳಿದರೂ ಎದುರಾಡುವ ಹಾಗಿಲ್ಲ, ಹೋಗಿ ನೋಡಿಬರಲು ಬರುವುದಿಲ್ಲವಲ್ಲ.

"ಮನ್ಯಾಗ ಬರತೈತಿ ಅಂತಾಳ. ಇಲ್ಲಿ ನಿಂತ್ರ ಬಾಯಿ ಬಿಡಂಗಿಲ್ರಿ" ಅಂದರು. ಮಗಳನ್ನು ನಿಲ್ಲಿಸಿದರು. "ಏಳರದು ಹೇಳು."

"ಏಳೊಂದ್ಲೆ ಏಳು..." ಅಂದವಳು ನಿಂತುಬಿಟ್ಟಳು. ತುಟಿ ನಡುಗಿತು. ಕಿವಿ ಏನನ್ನೋ ಹುಡುಕುತ್ತಿರುವ ಹಾಗೆ ತಲೆ ಓರೆ ಮಾಡಿದಳು.

ಆ ಓರೆ ತಲೆ ನೋಡಿ ನನಗೆ ಹೊಳೆಯಿತು. ಕರೆಂಟು ಹೋದಾಗ ನಾನೂ ಹಾಗೆಯೇ ತಲೆ ಓರೆ ಮಾಡುತ್ತೇನೆ. ಮಗ್ಗ ನಿಂತರೆ ನಮ್ಮ ಮನೆಯಲ್ಲಿ ಮಗ್ಗಿಯೂ ನಿಲ್ಲುತ್ತಿತ್ತು, ಅಂಥ ಹೊತ್ತಿನಲ್ಲಿ ಅವಳು ಆಡಲು ಓಡುತ್ತಾಳೆ ಎಂದುಕೊಂಡಿದ್ದೆ. ಈ ಶಾಲೆಯಲ್ಲಿ ಸದ್ದೇ ಇಲ್ಲ! ಸೂಜಿ ಬಿದ್ದರೂ ಕೇಳುವಂಥ ಶಿಸ್ತು.

ನಾಚಿಕೆ ಬಿಟ್ಟು ಬೆಂಚಿನ ಮೇಲೆ ಎರಡೂ ಕೈಯಿಂದ ಬಾರಿಸಿದೆ. ಖಟಕ್-ಖಟಕ್, ಖಟಕ್-ಖಟಕ್. ಲಾಳಿ ಆ ಕಡೆ, ಲಾಳಿ ಈ ಕಡೆ. ಅಕ್ಕೋರು ಕಣ್ಣು ಬಿಟ್ಟರು. ಮಗಳ ಹೆಗಲು ಸಡಿಲವಾಯಿತು.

"ಏಳೆರಡ್ಲೆ ಹದಿನಾಕು, ಏಳಮೂರ್ಲೆ ಇಪ್ಪತ್ತೊಂದು, ಏಳನಾಕ್ಲೆ ಇಪ್ಪತ್ತೆಂಟು..."

ಎಳೆ ಹರಿಯದೆ ಎಪ್ಪತ್ತರ ತನಕ ಬಂತು. ಎಂಟರದಕ್ಕೆ ಪಕ್ಕದ ಬೆಂಚಿನ ಪಾಲಕರೂ ಕೈ ಹಾಕಿದರು. ಅವರ ಮನೆಯಲ್ಲಿ ಆರು ಮಗ್ಗ, ಅವರ ಬಡಿತ ನನ್ನದಕ್ಕಿಂತ ಗಟ್ಟಿ. ಒಂಬತ್ತರ ಹೊತ್ತಿಗೆ ಇಡೀ ಇಯತ್ತೆ ಬಾಯಿ ತೆರೆದಿತ್ತು. ಅರ್ಧದಷ್ಟು ಹುಡುಗರಿಗೆ ಇದೇ ಬೇನೆ ಇತ್ತೆಂದು ಆಗ ಗೊತ್ತಾಯಿತು. ಹೆಡ್ ಮಾಸ್ತರರು ಓಡಿಬಂದು ಬಾಗಿಲಲ್ಲಿ ನಿಂತರು. ಯಾರೋ ಬೆಂಚು ಮುರಿಯುತ್ತಿದ್ದಾರೆ ಎಂದುಕೊಂಡಿರಬೇಕು.

"ಮುಂದಿನ ವಾರ ಹದಿನಾರರ ಮಗ್ಗಿ ಐತ್ರಿ" ಅಂದರು ಅಕ್ಕೋರು. "ನೀವೂ ಕಲತು ಬರ್ರಿ. ನೀವು ಬರೇ ಬಾರಸಾಕತ್ತಿದ್ರಿ, ಬಾಯಿ ಹೊಂದಿಸಿದ್ದು ನಾ ಕಾಣಲಿಲ್ಲ."

ಹೌದು, ಹದಿಮೂರರ ಮೇಲೆ ನನಗೆ ಎಂದೂ ಬಂದಿಲ್ಲ. ಅದನ್ನು ಇಷ್ಟು ವರ್ಷ ಮಗ್ಗದ ಸದ್ದಿನಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದೆ. ಅಂದು ರಾತ್ರಿ ಕರೆಂಟು ಹೋಯಿತು. ಕತ್ತಲಲ್ಲಿ ಅಪ್ಪ ಕೆಮ್ಮಿದರು, ಹೆಂಡತಿ ಕಂದೀಲು ಹುಡುಕಿದಳು. ಮಗಳು ಮರದ ಪೆಟ್ಟಿಗೆಯ ಮೇಲೆ ಕೂತು ಕೈ ಎತ್ತಿದಳು.

"ಅಪ್ಪಾ, ನಾ ಬಾರಸತೇನಿ. ಹದಿನಾರೊಂದ್ಲೆ?"