ವಿಲ್ಯಾನ್ ಗೋತ್ರ ನಿರ್ಣಯ

ಒಂದೇ ಸ್ವಿಚ್ಚಿಗೆ ಚುಚ್ಚಿದ ಕಂಪ್ಯೂಟರುಗಳನ್ನು ಗೋಡೆ ಕಟ್ಟದೆ ಬೇರೆ ಮಾಡುವ ವಿಲ್ಯಾನ್ ವಿಧಿಯನ್ನು ಐಇಇಇ 1998ರಲ್ಲಿ 802.1ಕ್ಯೂ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಲೋಕ ಅದನ್ನು ಎಂಜಿನಿಯರಿಂಗ್ ಎಂದು ನಂಬಿದೆ. ಅದು ಶುದ್ಧಾಂಗ ಗೋತ್ರಶಾಸ್ತ್ರ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪ್ರಮಾಣ ಹೀಗಿದೆ: ಮನೆಯೊಳಗೆ ಯಾರೂ ಅಮ್ಮನ ಮುಂದೆ ಪ್ರವರ ಹೇಳಿ ತಿಂಡಿ ಕೇಳುವುದಿಲ್ಲ, ಆಕ್ಸೆಸ್ ಪೋರ್ಟಿನಲ್ಲಿ ಕೂತ ಕಂಪ್ಯೂಟರಿಗೂ ತನ್ನ ವಿಲ್ಯಾನ್ ಯಾವುದೆಂಬ ಗೊಡವೆಯಿಲ್ಲ. ಹೊಸಿಲು ದಾಟಿ, ಇನ್ನೊಂದು ಸ್ವಿಚ್ಚಿಗೆ ಹೋಗುವ ಟ್ರಂಕ್ ಪೋರ್ಟಿಗೆ ಬಂದಾಗ ಮಾತ್ರ ಸ್ವಿಚ್ಚು ಫ್ರೇಮಿಗೆ, ಅಂದರೆ ದತ್ತಾಂಶದ ಪೊಟ್ಟಣಕ್ಕೆ, 4 ಬೈಟಿನ ಟ್ಯಾಗ್ ತೊಡಿಸುತ್ತದೆ. 1518 ಬೈಟಿನ ತುಂಬು ಫ್ರೇಮು ಆಗ 1522 ಆಗುತ್ತದೆ. ಗೋತ್ರ ಹೇಳುವಾಗ ಎದೆ ತುಸು ಉಬ್ಬುವುದು ಸಹಜವೇ. ಆಚೆಯ ಸ್ವಿಚ್ಚು ಟ್ಯಾಗ್ ಕಳಚಿ ಫ್ರೇಮನ್ನು ಒಳಗೆ ಕಳಿಸುತ್ತದೆ. ಗೋತ್ರಸಂಖ್ಯೆಗೆ 12 ಬಿಟ್ ಜಾಗ. 4096ರಲ್ಲಿ ಮೊದಲನೆಯದೂ ಕೊನೆಯದೂ ಮೀಸಲು. ಉಳಿದ 4094 ಗೋತ್ರಗಳನ್ನು ಯಾವ ಋಷಿಮಂಡಲವೂ ಒದಗಿಸಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು, ಸಗೋತ್ರದಲ್ಲಿ ಸಂಬಂಧ ನಿಷಿದ್ಧ, ಒಂದೇ ವಿಲ್ಯಾನಿನಲ್ಲಿ ಮುಕ್ತ, ಹಾಗಾಗಿ ಹೋಲಿಕೆ ತಲೆಕೆಳಗು ಎನ್ನುತ್ತಾನೆ. ಮಾತುಕತೆಗೂ ಸಂಬಂಧಕ್ಕೂ ಇರುವ ಅಂತರ ಅವನಿಗೆ ತಿಳಿಯದು. ಒಂದೇ ವಿಲ್ಯಾನಿನವರು ದಾಯಾದಿಗಳು. ‘ಈ ಐಪಿ ವಿಳಾಸ ಯಾರದ್ದು?’ ಎಂದು ಒಬ್ಬ ಕೂಗಿದರೆ ಇಡೀ ವಠಾರಕ್ಕೆ ಕೇಳಿಸುತ್ತದೆ, ಮಧ್ಯಸ್ಥ ಬೇಡ. ಬೇರೆ ಗೋತ್ರಕ್ಕೆ ನೆಂಟಸ್ತಿಕೆ ಹೂಡಬೇಕಾದರೆ ದಲ್ಲಾಳಿ ಬೇಕೇ ಬೇಕು. ಅವನೇ ರೌಟರು. ಗೋತ್ರ ಹುಟ್ಟಿನಿಂದ ಬರುತ್ತದೆ, ವಿಲ್ಯಾನ್ ಪೋರ್ಟಿನಿಂದ ಎಂಬ ಎರಡನೆಯ ಆಕ್ಷೇಪ ಇನ್ನೂ ದುರ್ಬಲ. ಧಾರೆಯಾದ ಕೂಡಲೇ ಹೆಣ್ಣಿನ ಗೋತ್ರ ಬದಲಾಗುತ್ತದಲ್ಲ? ಕೇಬಲ್ ಕಿತ್ತು ಇನ್ನೊಂದು ಪೋರ್ಟಿಗೆ ಚುಚ್ಚುವುದೂ ಧಾರೆಯೇ, ಊಟದ ಖರ್ಚಿಲ್ಲ ಅಷ್ಟೆ. ಟ್ಯಾಗಿನ ಮೇಲೆ ಟ್ಯಾಗ್ ಹಾಕುವ 802.1ಎಡಿಯೋ, ಎರಡು ಮನೆಗೂ ಸಲ್ಲುವ ದತ್ತುಮಗ.

ನಿರ್ಣಾಯಕ ಪ್ರಮಾಣ ನೇಟಿವ್ ವಿಲ್ಯಾನ್. ಅರ್ಚಕರು ಗೋತ್ರ ಕೇಳಿದಾಗ ತಲೆ ಕೆರೆದುಕೊಳ್ಳುವವನನ್ನು ಕಾಶ್ಯಪಕ್ಕೆ ಸೇರಿಸುವಂತೆ, ಟ್ಯಾಗಿಲ್ಲದೆ ಟ್ರಂಕಿಗೆ ಬಂದ ಫ್ರೇಮನ್ನು ಸ್ವಿಚ್ಚು ನೇಟಿವ್ ವಿಲ್ಯಾನಿಗೆ ಸೇರಿಸುತ್ತದೆ. ಸಾಮಾನ್ಯವಾಗಿ ಅದರ ಸಂಖ್ಯೆ 1. ಆದರೆ ಈ ತುದಿಯಲ್ಲಿ 1, ಆ ತುದಿಯಲ್ಲಿ 99 ಎಂದು ಬರೆದಿದ್ದರೆ, ಇಲ್ಲಿ ಕಾಶ್ಯಪನಾಗಿ ಹೊರಟವನು ಅಲ್ಲಿ ಭಾರದ್ವಾಜನಾಗಿ ಇಳಿಯುತ್ತಾನೆ. ಲೆಕ್ಕಪತ್ರ ವಿಭಾಗದ ಕೂಗು ಅತಿಥಿಗಳ ವೈಫೈ ಅಂಗಳದಲ್ಲಿ ಕೇಳಿಸುತ್ತದೆ. ಆದ್ದರಿಂದ ಸಿದ್ಧಾಂತವಿಷ್ಟು: ಗೋತ್ರ ಗೊತ್ತಿಲ್ಲದಿರುವುದು ದೋಷವಲ್ಲ, ಗೊತ್ತಿಲ್ಲದವನನ್ನು ಎಲ್ಲಿ ಕೂರಿಸಬೇಕೆಂದು ಬೀಗರಿಬ್ಬರೂ ಮೊದಲೇ ಮಾತಾಡಿಕೊಳ್ಳದಿರುವುದೇ ದೋಷ.