ಕ್ಯಾಮೆರಾ ಕಾಯುವ ಕಾಕಾ

ಶಿರಗುಪ್ಪಿಯ ಕ್ಯಾಮೆರಾ ಕಾಕಾಗೆ ಹೆಸರು ಕೊಡುವುದರಲ್ಲಿ ಅರ್ಥವಿಲ್ಲ. ಉಗಾರ, ಜುಗೂಳ, ಐನಾಪುರ, ಶೇಡಬಾಳ, ಕಾಗವಾಡ ತಾಲೂಕಿನ ಯಾವ ಊರಿನ ಓಣಿ ಹೊಕ್ಕರೂ ಅವರು ಸಿಗುತ್ತಾರೆ. ಬಿಳಿ ಅಂಗಿ, ಪೆನ್ನು ಇರಬೇಕಾದ ಕಿಸೆಯಲ್ಲಿ ಟೆಸ್ಟರು, ಕೈಯಲ್ಲಿ ಮೊಬೈಲು, ಮೊಬೈಲಿನೊಳಗೆ ತಮ್ಮದೇ ಮನೆಯ ತಲಬಾಗಿಲು. ಆ ತಲಬಾಗಿಲ ಕಟ್ಟೆಯ ಮೇಲೆ ತಾವೇ ಕೂತಿರುತ್ತಾರೆ. ತಿರುಗಿದರೆ ಬಾಗಿಲು ಕಂಡೀತು. ತಿರುಗುವುದಿಲ್ಲ. "ಆರಾಮ ಏನ್ರಿ ಕಾಕಾ?" ಎಂದು ನೀವು ಎದುರು ನಿಂತರೆ ನಿಮ್ಮನ್ನೂ ಮೊಬೈಲಿನಲ್ಲೇ ನೋಡಿ ಮಾತಾಡಿಸುತ್ತಾರೆ. ಮೊಬೈಲಿಗೆ ಚಿತ್ರ ಬರುವುದು ಮೂರ್ನಾಲ್ಕು ಸೆಕೆಂಡು ತಡವಾಗಿ, ಹೀಗಾಗಿ ಕಾಕಾರ ಉತ್ತರವೂ ಅಷ್ಟೇ ತಡ. ಓಣಿಗೆ ಹೊಸದಾಗಿ ಬಂದ ಸೊಸೆಯಂದಿರು ಇವರಿಗೆ ಕಿವಿ ಮಂದ ಎಂದುಕೊಂಡಿದ್ದಾರೆ.

ಈ ತಳಿ ಹಳೆಯದು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುತ್ತ "ಬಂತೇನೋ?" ಎಂದು ಕೂಗುತ್ತಿದ್ದವರು ಇವರೇ. ಕೆಳಗಿನಿಂದ ಮನೆಮಂದಿ "ಬಂತು, ಬಂತು... ಹೋತು!" ಎನ್ನುತ್ತಿದ್ದರು. ಹನುಮಂತ ಸಮುದ್ರ ಹಾರಿದ ರವಿವಾರ ಕಾಕಾ ಮಾಳಿಗೆಯ ಮೇಲಿದ್ದರು, ರಾವಣ ಬಿದ್ದ ರವಿವಾರವೂ ಮಾಳಿಗೆಯ ಮೇಲೇ ಇದ್ದರು. ಮುಂದೆ ಡಿಶ್ ಬಂತು, ಇನ್ವರ್ಟರ್ ಬಂತು, ವೈಫೈ ಬಂತು; ಪ್ರತಿಯೊಂದರ ಹಿಂದೆಯೂ ಕಾಕಾರ ಏಣಿ ಬಂತು. ಕ್ಯಾಮೆರಾ ಆ ವಂಶದ ಕಡೆಯ ಕುಡಿ.

ಕ್ಯಾಮೆರಾ ತಂದದ್ದಕ್ಕೆ ಕೊಟ್ಟ ಕಾರಣ ಮಾತ್ರ ಸುಳ್ಳಲ್ಲ. ಕೃಷ್ಣೆಯ ದಂಡೆಗೆ ಪಂಪ್‌ಸೆಟ್ ಇಟ್ಟ ರೈತನಿಗೆ ಕೇಬಲ್ ಕಳ್ಳರ ಕಾಟ ಗೊತ್ತು. ಒಳಗಿನ ತಾಮ್ರದ ಆಸೆಗೆ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋಗುತ್ತಾರೆ. ತ್ರೀ ಫೇಸ್ ಬಂತೆಂದು ರೈತ ಓಡಿಹೋಗಿ ಬಟನ್ ಒತ್ತಿದರೆ ಮೋಟಾರು ಸುಮ್ಮನೆ ಕೂತಿರುತ್ತದೆ. ಬಾಜೂ ಹೊಲದವರ ಕೇಬಲ್ ಹೋದ ವಾರವೇ ಕಾಕಾ ಮಿರಜಿಗೆ ಹೋಗಿ ಕ್ಯಾಮೆರಾ ತಂದರು. ನಮ್ಮ ಕಡೆ ಮೈಗೆ ಹುಷಾರಿಲ್ಲದಿದ್ದರೂ ಮಿರಜು, ಮಷೀನಿಗೆ ಹುಷಾರಿಲ್ಲದಿದ್ದರೂ ಮಿರಜು. ತಂದ ಕ್ಯಾಮೆರಾ ಹಚ್ಚಿದ್ದು ನದಿ ದಂಡೆಗಲ್ಲ, ಮನೆಯ ಗೇಟಿಗೆ. "ದಂಡಿಗೆ ಹಚ್ಚಿದ್ರ ಕೇಬಲ್ ಜೋಡಿ ಕ್ಯಾಮೆರಾನೂ ಒಯ್ತಾರಲೋ" ಎಂದರು. ಈ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಇನ್ನೂ ಆಗಿಲ್ಲ.

ಹಗಲೆಲ್ಲ ಕ್ಯಾಮೆರಾ ನೆಟ್ಟಗಿತ್ತು. ಡೇರಿಗೆ ಹಾಲು ಹಾಕಿ ಬಂದು ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬಂದ್ ಬಿತ್ತು. ತಾನೇ ಚಾಲೂ ಆಗಿ, ಸ್ವಲ್ಪ ಕಣ್ಣು ಪಿಳುಕಿಸಿ, ಮತ್ತೆ ಬಂದ್. ರಾತ್ರಿಯೆಲ್ಲ ಇದೇ ಆಟ. ಬೆಳಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಅಂಗಳ ತೋರಿಸುತ್ತ ನಿಂತಿತು. ಪುಣೆಯಲ್ಲಿ ನೌಕರಿಗಿರುವ ಮಗನ ಮೊಬೈಲಿಗೂ ಇದರ ಸಂದೇಶ ಹೋಗುತ್ತದೆ.

"ಅಪ್ಪಾ, ಆಫ್‌ಲೈನ್ ತೋರಸಾಕತ್ತೈತಿ."

"ಗೊತ್ತೈತಿ."

"ರೌಟರ್ ಬಂದ್ ಮಾಡಿ ಚಾಲೂ ಮಾಡ್ರಿ."

"ಮಾಡೇನಿ."

"ಮತ್ತೊಮ್ಮೆ ಮಾಡ್ರಿ."

ಮೊದಲು ಈ ತಂದೆ ಮಗ ಮಾತಾಡುತ್ತಿದ್ದದ್ದು ಹಬ್ಬಕ್ಕೊಮ್ಮೆ, ಅದೂ "ಮಳಿ ಆತೇನು?" ಎಂಬಲ್ಲಿಗೆ ಮುಗಿಯುತ್ತಿತ್ತು. ಈಗ ದಿನಾ ಸಂಜೆ ಫೋನು. ಕ್ಯಾಮೆರಾ ಹೀಗೇ ಕೆಟ್ಟಿರಲಿ ಎಂದು ಕಾಕಾರ ಹೆಂಡತಿ ಕಾಕೂ ಒಳಗೊಳಗೆ ಹರಕೆ ಹೊತ್ತಿದ್ದಾರೆಂದು ನನ್ನ ಗುಮಾನಿ.

ಕ್ಯಾಮೆರಾ ಬಂದ್ ಬಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅದರ ಮೈಮೇಲಿನ ಸಣ್ಣ ದೀಪ ಉರಿಯುತ್ತಿದೆಯೋ ಇಲ್ಲವೋ? ಉರಿಯುತ್ತಿದ್ದೂ ಮೊಬೈಲಿನಲ್ಲಿ ಕಾಣದಿದ್ದರೆ ತಪ್ಪು ನೆಟ್ಟಿನದು. ದೀಪವೇ ಆರಿದ್ದರೆ ತಪ್ಪು ಕರೆಂಟಿನದು. ಅರ್ಧ ನಿಮಿಷದ ಕೆಲಸ. ಆದರೆ ಇಷ್ಟು ಸಣ್ಣ ಪ್ರಶ್ನೆ ಕೇಳುವುದು ಕಾಕಾರ ಘನತೆಗೆ ಒಗ್ಗುವುದಿಲ್ಲ. ಅವರಿಗೆ ಕಾರಣ ದೊಡ್ಡದಿರಬೇಕು.

ಮೊದಲ ಶಂಕೆ ಚೀನಾದ ಮೇಲೆ. ಇಂಥ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ ಸುದ್ದಿ ಪೇಪರಿನಲ್ಲಿ ಓದಿದ್ದೇ ತಡ, "ನಮ್ಮ ಅಂಗಳ ಬೀಜಿಂಗ್‌ದಾಗ ಕಾಣಾಕತ್ತೈತಿ" ಎಂದು ಸಾರಿದರು. ಕಾಕೂ ಅಂದು ಅಂಗಳ ಎರಡು ಸಲ ಗುಡಿಸಿದರು.

ಎರಡನೆಯ ಶಂಕೆ ಅಣ್ಣತಮ್ಮಕಿಯವರ ಮೇಲೆ. ಗೋಡೆಯಾಚೆಯ ಅಣ್ಣನ ಮಗ ವೈಫೈ ಹಾಕಿಸಿದಾಗಿನಿಂದಲೇ ಇದು ಶುರುವಾಯಿತಂತೆ. ಇದರಲ್ಲಿ ಒಂದೆಳೆ ಸತ್ಯವೂ ಉಂಟು. ಮನೆಗೆ ಹಚ್ಚುವ ಅಗ್ಗದ ಕ್ಯಾಮೆರಾಗಳು ಬಹುತೇಕ 2.4 ಗಿಗಾಹರ್ಟ್ಸ್ ವೈಫೈಯನ್ನಷ್ಟೇ ಹಿಡಿಯುತ್ತವೆ. ಓಣಿಯ ರೌಟರುಗಳೆಲ್ಲ ಅದೇ ದಾರಿಗಿಳಿದರೆ ಗದ್ದಲವಾಗುತ್ತದೆ. ಆದರೆ ಆಗ ಚಿತ್ರ ತಡೆತಡೆದು ಬರುತ್ತದೆಯೇ ಹೊರತು ಕ್ಯಾಮೆರಾ ಪ್ರಾಣ ಬಿಡುವುದಿಲ್ಲ. ಇದನ್ನು ಕಾಕಾಗೆ ಹೇಳಿದರೆ "ನೀ ಅವರ ಕಡೆಯಾಂವ" ಎಂದಾರು.

ನಡುವೆ ಕಬ್ಬಿನ ಹಂಗಾಮು ಬಂತು. ಕಾರ್ಖಾನೆ ಶುರುವಾದರೆ ಡಬಲ್ ಟ್ರೇಲರ್ ಟ್ರ್ಯಾಕ್ಟರುಗಳು ಮಾಳಿಗೆಯೆತ್ತರ ಕಬ್ಬು ಹೇರಿಕೊಂಡು ಓಣಿ ಹಾಯುತ್ತವೆ, ಹಾಯುವಾಗ ಅಡ್ಡ ಕಟ್ಟಿದ ಇಂಟರ್ನೆಟ್ ಕೇಬಲನ್ನೂ ಕಬ್ಬಿನ ಜೊತೆ ನುರಿಸಲು ಒಯ್ಯುತ್ತವೆ. ಕಾಕಾ "ಏ ನಿಂದರೋ!" ಎಂದು ಹಿಂದೆ ಓಡಿದರು. ಡ್ರೈವರ್ ಹಾಡು ಹಚ್ಚಿದ್ದ, ಕೇಳಲಿಲ್ಲ. ಆ ಎರಡು ದಿನ ಕ್ಯಾಮೆರಾ ಹಗಲೂ ಕಾಣಲಿಲ್ಲ. ಈಗಲಾದರೂ ಕಾರಣ ಕಣ್ಣಿಗೆ ಬಿತ್ತಲ್ಲ ಎಂದು ಕಾಕಾ ಒಂದು ಬಗೆಯ ಸಮಾಧಾನದಲ್ಲಿದ್ದರು.

ನಿಜವಾದ ನಿದಾನ ಮಾಡಿದ್ದು ಕಾಕಾರ ತಾಯಿ. ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಮುದುಕಿ, "ಹಗಲ ಕಾಣತೈತಿ, ಹೊತ್ತ ಮುಳಗಿದ್ರ ಕಾಣೂದಿಲ್ಲಂದ್ರ ಅದಕ್ಕ ಇರುಳಗಣ್ಣ ಐತಿ. ಗಜ್ಜರಿ ತಿನಸು" ಎಂದರು. ಎಲ್ಲರೂ ನಕ್ಕರು. ಅಷ್ಟು ಮಂದಿಯಲ್ಲಿ ಸತ್ಯದ ಹತ್ತಿರ ಹೋದವರು ಅವರೊಬ್ಬರೇ. ಕತ್ತಲಾದ ಕೂಡಲೇ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಅವಕೆಂಪು ದೀಪಗಳನ್ನು ಹೊತ್ತಿಸಿಕೊಳ್ಳುತ್ತದೆ. ಕತ್ತಲಲ್ಲಿ ಕಪ್ಪು ಬಿಳುಪು ಚಿತ್ರ ಬರುವುದು ಆ ಬೆಳಕಿನಿಂದಲೇ. ಹಗಲಿಗೆ ಸಾಲುವ ಕರೆಂಟು ಆಗ ಸಾಲದು, ಹೆಚ್ಚುಕಡಿಮೆ ಇಮ್ಮಡಿ ಬೇಕಾಗುತ್ತದೆ. ಸಿಗದಿದ್ದರೆ ಕ್ಯಾಮೆರಾ ಬಂದ್ ಬೀಳುತ್ತದೆ. ಬಂದ್ ಬಿದ್ದೊಡನೆ ಹೊರೆ ಇಳಿದು ಮತ್ತೆ ಚಾಲೂ ಆಗುತ್ತದೆ, ಕತ್ತಲು ಕಂಡು ಮತ್ತೆ ದೀಪ ಹಚ್ಚುತ್ತದೆ, ಮತ್ತೆ ಬೀಳುತ್ತದೆ.

ಈ ಅವಧಿಯಲ್ಲಿ ಊರಿಗೆ ಕ್ಯಾಮೆರಾದಿಂದ ಆದ ಉಪಯೋಗವನ್ನೂ ಹೇಳಬೇಕು. ಯಾರ ಎಮ್ಮೆ ಯಾರ ಮೇವಿನ ಬಣವೆಗೆ ಬಾಯಿ ಹಾಕಿತು, ಯಾರ ಬೈಕು ಯಾರ ಕಟ್ಟೆಗೆ ಗುದ್ದಿತು ಎಂಬ ಎಲ್ಲ ತಂಟೆಗಳೂ "ಕಾಕಾರ ಕ್ಯಾಮೆರಾ ನೋಡೋಣ ನಡೀರಿ" ಎಂದು ಅವರ ಪಡಸಾಲೆಗೆ ಬರತೊಡಗಿದವು. ಕಾಕಾ ಚಹಾ ತರಿಸಿ ಮೊಬೈಲು ತೆಗೆದು ಬೆರಳಿನಿಂದ ಹೊತ್ತನ್ನು ಹಿಂದೆ ಸರಿಸುತ್ತಿದ್ದರು. ಎಮ್ಮೆ ಗೇಟಿನ ಹತ್ತಿರ ಬರುತ್ತದೆ, ಕತ್ತೆತ್ತುತ್ತದೆ, ಪರದೆ ಕಪ್ಪಾಗುತ್ತದೆ. ಮತ್ತೆ ಬೆಳಕು ಬರುವ ಹೊತ್ತಿಗೆ ಎಮ್ಮೆಯೂ ಇಲ್ಲ, ಮೇವೂ ಇಲ್ಲ. ದನ ಮನೆಗೆ ಮರಳುವುದು, ಮಂದಿ ಜಗಳವಾಡುವುದು ಎಲ್ಲ ಮುಸ್ಸಂಜೆಗೇ ತಾನೆ! ತಿಂಗಳುಗಟ್ಟಲೆ ದಾಖಲೆಯಲ್ಲಿ ಸ್ಪಷ್ಟವಾಗಿ ಮೂಡಿದ ಮುಖ ಒಂದೇ: ಏಣಿ ಹತ್ತಿ, ಹುಬ್ಬು ಗಂಟಿಕ್ಕಿ, ಕ್ಯಾಮೆರಾದ ಕಣ್ಣಿಗೆ ಬೆರಳಿನಿಂದ ಕುಟ್ಟುವ ಕಾಕಾ. ಪೊಲೀಸರೇನಾದರೂ ಆ ಮೆಮೊರಿ ಕಾರ್ಡು ಒಯ್ದರೆ ಮೊದಲು ಹಿಡಿದೊಯ್ಯುವುದು ಇವರನ್ನೇ.

ಮನೆಯ ಕಾವಲಿಗೆ ಕ್ಯಾಮೆರಾ ಕೂಡಿಸುವ ಯೋಚನೆಗೆ ಪೇಟೆಂಟ್ ಪಡೆದ ಮೊದಲಿಗರು ಒಬ್ಬ ಹೆಣ್ಣುಮಗಳು ಮತ್ತು ಆಕೆಯ ಗಂಡ. ನ್ಯೂಯಾರ್ಕಿನ ಮೇರಿ ವ್ಯಾನ್ ಬ್ರಿಟನ್ ಬ್ರೌನ್, ವೃತ್ತಿಯಲ್ಲಿ ನರ್ಸು. ಬಾಗಿಲಾಚೆ ಯಾರಿದ್ದಾರೆಂದು ಒಳಗಿನಿಂದಲೇ ಟಿವಿಯಲ್ಲಿ ನೋಡುವ ವ್ಯವಸ್ಥೆಗೆ 1966ರಲ್ಲಿ ಅರ್ಜಿ ಹಾಕಿದರು, 1969ರಲ್ಲಿ ಪೇಟೆಂಟ್ ಸಿಕ್ಕಿತು. ಗಂಡ ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವನು. ಇದನ್ನು ಹೇಳಿದಾಗ ಕಾಕೂ, "ಆಕಿ ಗಂಡಗ ಕೆಲಸ ಬರ್ತಿತ್ತು ಬಿಡ್ರಿ" ಎಂದು ರೊಟ್ಟಿ ತಿರುವಿ ಹಾಕಿದರು.

ಕೊನೆಗೆ ವೈರಿಂಗ್ ಹುಡುಗ ಬಂದ. ಕಾಕಾ ಕರೆದದ್ದಲ್ಲ, ಫ್ಯಾನ್ ರಿಪೇರಿಗೆಂದು ಕಾಕೂ ಕರೆಸಿದ್ದು. ಗೇಟಿನ ಕ್ಯಾಮೆರಾಗೆ ಪಡಸಾಲೆಯ ಅಡಾಪ್ಟರಿನಿಂದ ಹೋದ ವೈರನ್ನು ಬೆರಳಲ್ಲಿ ಹಿಡಿದು ನೋಡಿದ. ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಕರೆಗಂಟೆಯ ವೈರು ಅದು, ಸಾವಿರಾರು ರೂಪಾಯಿಯ ಕ್ಯಾಮೆರಾಗೆ ಕಾಕಾ ಪುಕ್ಕಟೆ ಹಚ್ಚಿದ್ದು.

"ಕಾಕಾ, ನದಿಯಿಂದ ಹೊಲಕ್ಕ ಪೈಪ್‌ಲೈನ್ ಎಷ್ಟ ಇಂಚಿಂದ ಹಾಕೀರಿ?"

"ಆರ ಇಂಚಿಂದು."

"ಎರಡ ಇಂಚಿಂದ ಯಾಕ ಹಾಕಲಿಲ್ರಿ? ಸೋವಿ ಬೀಳತಿತ್ತು."

"ತಲಿ ಕೆಟ್ಟೈತೇನೋ? ಅಷ್ಟ ದೂರ ನೀರ ಮುಟ್ಟಬೇಕಲ್ಲ!"

ಹುಡುಗ ಮಾತಾಡದೆ ವೈರನ್ನು ಕಾಕಾರ ಅಂಗೈಯಲ್ಲಿಟ್ಟ.

ಲೆಕ್ಕ ಹೀಗಿದೆ. ಅಡಾಪ್ಟರಿನಿಂದ ಗೇಟಿಗೆ 30 ಮೀಟರ್, ಹೋಗುವ ಎಳೆ ಬರುವ ಎಳೆ ಸೇರಿ 60. ತಾಮ್ರದ ಎಳೆ 0.2 ಚದರ ಮಿಲಿಮೀಟರಿನದಾದರೆ ಅಷ್ಟುದ್ದಕ್ಕೆ 5 ಓಮ್‌ಗೂ ಮೇಲೆ ತಡೆ. ರಾತ್ರಿ ಅರ್ಧ ಆಂಪಿಯರ್ ಎಳೆದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಹೋಯಿತು. 12 ವೋಲ್ಟ್ ಬೇಡುವ ಕ್ಯಾಮೆರಾಗೆ ಮುಟ್ಟುವುದು ಒಂಬತ್ತೂವರೆ. ಮೇಲಾಗಿ ಚೀಟಿಯಲ್ಲಿ 2 ಆಂಪಿಯರ್ ಎಂದು ಬರೆದುಕೊಂಡ ಅಡಾಪ್ಟರು ಅದರರ್ಧ ಕೊಡುವುದಕ್ಕೂ ಬಿಸಿಯಾಗುತ್ತಿತ್ತು. ಹುಡುಗ ಒಂದೂವರೆ ಚದರ ಮಿಲಿಮೀಟರಿನ ವೈರು ಎಳೆದ, ಆಗ ದಾರಿಯ ನಷ್ಟ ಅರ್ಧ ವೋಲ್ಟಿಗೂ ಕಡಿಮೆ. ಅಡಾಪ್ಟರು ಬದಲಿಸಿದ. ನೀರು ಹೋಗದಂತೆ ಜೋಡಣೆಗೆ ಟೇಪು ಸುತ್ತಿದ. ಚಹಾ ಕುಡಿದು ಹೋದ. ಫ್ಯಾನು ಹಾಗೇ ಉಳಿಯಿತು.

"ವೈರ್ ತೆಳ್ಳಗೈತಿ ಅಂತ ನಾ ಮೊದಲ ಅಂದಿದ್ದೆ" ಎಂದರು ಕಾಕಾ. ಯಾರಿಗೆ ಅಂದಿದ್ದರೋ! ನದಿಯ ನೀರನ್ನು ಮೈಲುಗಟ್ಟಲೆ ಏರಿಸಿ ಕಬ್ಬು ಬೆಳೆದ ಮನುಷ್ಯ, ಪೈಪಿನ ವಿಷಯಕ್ಕೆ ಎಂಜಿನಿಯರನಿಗೂ ಬುದ್ಧಿ ಹೇಳುವವರು. ಅದೇ ಲೆಕ್ಕ ವೈರಿಗೂ ಅನ್ವಯಿಸುತ್ತದೆಂದು ತಿಳಿಯದವರಲ್ಲ. ವೈರು ಯಾರಿಗೂ ಕಾಣುವುದಿಲ್ಲ, ಕ್ಯಾಮೆರಾ ಕಾಣುತ್ತದೆ. ದುಡ್ಡು ಕಾಣುವ ಕಡೆ ಹೋಯಿತು, ಅಷ್ಟೇ.

ರಿಪೇರಿಯಾದ ಮೇಲೆ ಕಾಕಾ ಮಂಕಾದರು. ಸಂಜೆ ಫೋನು ನಿಂತಿತು, ಪಡಸಾಲೆಯ ಪಂಚಾಯ್ತಿಗಳೂ ಬಣಗುಟ್ಟಿದವು. ಎಮ್ಮೆ ಮೇಯುವುದು ನಿಚ್ಚಳವಾಗಿ ಕಂಡರೆ ವಾದಿಸಲು ಏನು ಉಳಿಯಿತು? ರಾತ್ರಿ ಕ್ಯಾಮೆರಾದ ಕಣ್ಣಿನ ಮುಂದೆ ಹುಳ ಬಂದು, ಹುಳಕ್ಕೆ ಜೇಡ ಬಂದು, ಜೇಡ ಬಲೆಯಲ್ಲಿ ಓಲಾಡಿದಾಗಲೆಲ್ಲ ಮೊಬೈಲು "ಯಾರೋ ಬಂದಿದ್ದಾರೆ" ಎಂದು ಎಬ್ಬಿಸುತ್ತದೆ. ಬಡಿಗೆ ಹಿಡಿದು ಓಡುವುದೊಂದೇ ಅವರಿಗುಳಿದ ಉತ್ಸಾಹ.

ಅದೂ ಸಾಲದೆ ಮೊನ್ನೆ ತೋಟದ ವಸ್ತಿಗೆ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ ತಂದಿದ್ದಾರೆ. ವೈರೇ ಇಲ್ಲ, ಇನ್ನಾರು ಏನು ಹೇಳುತ್ತಾರೆ ನೋಡೋಣ ಎಂಬ ಹಟ. ಸಿಮ್ಮಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ. ನೇರ ದೃಶ್ಯ ನೋಡುತ್ತ ಕೂತರೆ ಗಂಟೆಗೆ ಅರ್ಧ ಜಿಬಿಯ ಹತ್ತಿರ ಖರ್ಚು. ಬೆಳಿಗ್ಗೆ ಆರಕ್ಕೆ ಕಾಕಾ ನೋಡಲು ಕೂತರೆ ಒಂಬತ್ತೂವರೆಗೆ ಡೇಟಾ ಖಲಾಸ್, ಕ್ಯಾಮೆರಾ ಬಂದ್. ಯಾರೂ ನೋಡದಿದ್ದರೆ ಅದು ಇಡೀ ದಿನ ನಡೆದೀತು. ಪುಣೆಯ ಮಗ ಮತ್ತೆ ದಿನಾ ಫೋನು ಮಾಡುತ್ತಿದ್ದಾನೆ, ಕಾಕೂ ಖುಷಿಯಾಗಿದ್ದಾರೆ.

ಓದುಗರಲ್ಲಿ ನನ್ನದೊಂದೇ ವಿನಂತಿ. ಶಿರಗುಪ್ಪಿಯ ದಾರಿಯಲ್ಲಿ ಎಲ್ಲಾದರೂ ಏಣಿಯ ಮೇಲೊಬ್ಬ ಬಿಳಿ ಅಂಗಿಯವರು ಕಂಡರೆ ಕೈ ಮುಗಿದು ಮುಂದೆ ಹೋಗಿ. "ಏನಾತ್ರಿ ಕಾಕಾ ಕ್ಯಾಮೆರಾಕ್ಕ?" ಎಂದು ಬಾಯಿ ತಪ್ಪಿ ಕೇಳಿದಿರೋ, ಮಿರಜಿನ ಬಸ್ಸು ಹೋದಂತೆಯೇ.